ನಾವೇ ಅಂದರೆ ಯಾರು

ತಂಬಾಕಿನ ಘಾಟು ಮೂಗಿಗೆ ಬಡಿದರೆ ಸಾಕು, ಅವ್ವ ಬಂದಳೆಂದು ಇಂದಿಗೂ ಬಾಗಿಲ ಕಡೆ ತಿರುಗುತ್ತೇನೆ. ನಿಪ್ಪಾಣಿಯಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ವಖಾರಿಯಲ್ಲಿ, ಅಂದರೆ ತಂಬಾಕಿನ ಗೋದಾಮಿನಲ್ಲಿ, ದಿನವಿಡೀ ತಂಬಾಕು ಕುಟ್ಟಿ, ಜರಡಿ ಹಿಡಿದು ಬಂದವಳ ಸೀರೆಗೆ, ಕೂದಲಿಗೆ, ಅವಳು ತಟ್ಟಿದ ರೊಟ್ಟಿಗೆ ಕೂಡ ಅದೇ ವಾಸನೆ. ಅಪ್ಪ ಇಲ್ಲದ ನಮ್ಮ ಒಂದು ಖೋಲಿಯ ಮನೆಯಲ್ಲಿ ಇದ್ದದ್ದು ಅವ್ವ, ನಾನು, ತಂಗಿ ಸುನಂದಾ ಮತ್ತು ಆ ಘಾಟು. ಉಣ್ಣಲು ಕೂತಾಗ ಒಬ್ಬರಾದ ಮೇಲೊಬ್ಬರು ಸೀನಿ ನಗುತ್ತಿದ್ದೆವು.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಅದೇ ವಖಾರಿಯಲ್ಲಿ ಚೀಲ ಹೊರಲು ನಿಂತೆ. ಸುನಂದಾ ಮಾತ್ರ ಶಾಲೆ ಮುಗಿಸಿ ಅಲ್ಲಿಗೇ ಬಂದು, ಲೆಕ್ಕ ಬರೆಯುವ ದಿವಾಣಜಿಯ ಗಾದಿಯ ಪಕ್ಕ ಅವ್ವನಿಗಾಗಿ ಕಾಯುತ್ತಿದ್ದಳು. ಅವರ ಲೆಕ್ಕವೆಲ್ಲ ಮರಾಠಿ. ಒಂದು ಸಂಜೆ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದಳು: “ಮಾಮಾ, ಈ ಬದಿ ಜಮಾ ಅಂತ ಐತಿ, ತಿಳೀತು. ಆ ಬದಿ ‘ನಾವೇ’ ಅಂತ ಬರದೀರಿ. ನಾವೇ ಅಂದ್ರ ಯಾರ್ರಿ?”

ದಿವಾಣಜಿ ಹೊಟ್ಟೆ ಹಿಡಿದು ನಕ್ಕರು. “ಅದು ಮರಾಠಿ ನಾವೆ, ಹುಚ್ಚಿ! ನಾವ ಅಂದ್ರ ಹೆಸರು. ಕೊಟ್ಟ ರೊಕ್ಕ ಯಾರ ಹೆಸರಿಗೆ ಬಾಕಿ ಹಚ್ತೀವಿ, ಅವ್ರು.”

“ಹಂಗಾರ ಅವ್ವಗ ಕೊಟ್ಟ ರೊಕ್ಕಾನೂ ಅಲ್ಲೇ ಹಚ್ಚೀರಿ, ನಾವೇ ಆದಿವಲ್ರಿ ಮಾಮಾ!”

ವಖಾರಿಯ ಹೆಂಗಸರೆಲ್ಲ ಜರಡಿ ಬಿಟ್ಟು ನಕ್ಕರು. ಅಂದಿನಿಂದ ಅವಳ ಅಡ್ಡಹೆಸರೇ ‘ನಾವೇ’ ಆಯಿತು.

ಲೆಕ್ಕದ ಆ ಹುಚ್ಚು ಅವಳನ್ನು ಬಿ.ಕಾಂ.ವರೆಗೆ ತಂದಿತು. ಸಿ.ಎ. ಆಗಲು ಆಡಿಟರೊಬ್ಬರ ಕೈಕೆಳಗೆ ಮೂರು ವರ್ಷ ಕಲಿಯಬೇಕಿತ್ತು. ವಖಾರಿಯ ಲೆಕ್ಕ ನೋಡಲು ಚಿಕ್ಕೋಡಿಯಿಂದ ಬಂದ ಆಡಿಟರಿಗೆ ದಿವಾಣಜಿ ಅವಳ ಪರಿಚಯ ಮಾಡಿಸಿದರು. ಸಂಜೆ ಅವರು ಚೀಲ ಹೊತ್ತ ನನ್ನನ್ನು ನಿಲ್ಲಿಸಿ, “ತಂಗೀನ್ನ ನಮ್ಮ ಆಫೀಸಿಗೆ ಕಳಸ್ತೀಯೇನಪಾ?” ಎಂದರು. ನಾಳೆ ಇದೇ ಗಾದಿಯ ಮೇಲೆ ಅವಳು ಕೂತು, ನಾನು ಹೀಗೇ ಬೆನ್ನು ಬಾಗಿಸಿ ಅವಳೆದುರು ಹಾಯುವುದು ಕಣ್ಣಿಗೆ ಕಟ್ಟಿತು. “ಆಕಿಗೆ ಮನಸಿಲ್ರಿ,” ಎಂದುಬಿಟ್ಟೆ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಸುನಂದಾ ಆಡಿಟರಿಂದ ಕರೆ ಬರುತ್ತದೆಂದು ಕಾದಳು. ಕಾಯುತ್ತಲೇ ಅವ್ವನ ಪಕ್ಕ ಜರಡಿ ಹಿಡಿದಳು. ಒಂದು ವರ್ಷ ಹಾಗೇ ಹೋಯಿತು.

ಮರುವರ್ಷ ಆಡಿಟರು ಅವಳನ್ನು ಗುರುತಿಸಿ, “ನಿನಗ ಮನಸಿಲ್ಲಂತ, ಹೌದೇನವಾ?” ಎಂದು ಕೇಳಿದರು. ಅವಳು ಕಕ್ಕಾಬಿಕ್ಕಿಯಾದಳು. ಅವ್ವ ನನ್ನ ಮುಖ ನೋಡಿದಳು, ತಿಳಿಯಿತು. ಕೈ ಕೂಡ ತೊಳೆಯದೆ ಮಗಳ ರಟ್ಟೆ ಹಿಡಿದು ಗಾದಿಯೆದುರು ನಿಲ್ಲಿಸಿದಳು.

“ಮನಸಿಲ್ಲದ್ದು ಇವಂಗ್ರಿ ಸಾಹೇಬ್ರ. ಆಕಿಗೂ ಐತಿ, ನನಗೂ ಐತಿ. ಘಾಟು ತಡೀಲಿಲ್ಲಂದ್ರ ಮೂಗು ಮುಚ್ಕೋರಿ, ಹುಡುಗೀನ್ನ ಮಾತ್ರ ಕರ್ಕೊಂಡು ಹೋಗ್ರಿ.”

ಸುನಂದಾ ಪರೀಕ್ಷೆಯಲ್ಲಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಕಡೆಗೆ ಸಿ.ಎ. ಆದಳು. ಈಗ ಆ ವಖಾರಿ ಇಲ್ಲ, ಖೋಲಿ ಇಲ್ಲ, ಅವ್ವನೂ ಇಲ್ಲ. ತಂಗಿಯ ಆಫೀಸಿನ ಬಾಗಿಲು ತೆರೆಯುವುದು, ಮುಚ್ಚುವುದು ನನ್ನ ಕೆಲಸ. ಅಲ್ಲಿ ಕಲಿಯುವವರು ಬೀಡಿ ಕಟ್ಟುವವರ, ಕಬ್ಬು ಕಡಿಯುವವರ ಮಕ್ಕಳು. “ಇಂಥವರನ್ನ ಯಾರು ತಗೋತಾರ್ರಿ ಮೇಡಂ?” ಎಂದು ಮೂಗು ಮುರಿಯುವ ದೊಡ್ಡವರಿಗೆ ಅವಳದು ಒಂದೇ ಉತ್ತರ: “ನಾವೇ.”

ಹೋದ ಆ ಒಂದು ವರ್ಷದ ಮಾತನ್ನು ಅವಳು ಎತ್ತಿಲ್ಲ. ಅದು ನನ್ನ ಹೆಸರಿಗೆ ಬಿದ್ದ ಬಾಕಿ, ಅಲ್ಲೇ ಇರಲಿ. ಕೆಲವು ಮುಂಜಾನೆ ಘಾಟು ಬರುತ್ತದೆ, ಅವ್ವನೆಂದು ತಿರುಗುತ್ತೇನೆ. ಬಾಗಿಲಲ್ಲಿ ಹೊಸ ಹುಡುಗಿಯೊಬ್ಬಳು ತಾಯಿಯ ಹಿಂದೆ ಅಡಗಿ ನಿಂತಿರುತ್ತಾಳೆ. ಸೀನುತ್ತಲೇ ಎದ್ದು ಹೋಗಿ, ಎರಡೂ ಕದ ಪೂರ್ತಿ ತೆರೆಯುತ್ತೇನೆ.