ಅಡಿಕೆ ತೂರದ ಬಲೆ

೧೬ ಏಪ್ರಿಲ್ ೧೯೭೮, ಬೆಳಿಗ್ಗೆ ಏಳೂಕಾಲು. ಶಿವನಿಯಲ್ಲಿ ರೈಲಿಳಿದು ನಡೆದು ಬಂದೆ. ಕೆರೆ ಏರಿಯ ಮೇಲೆ ಹತ್ತು ಮಂದಿ ಬಲೆ ಹಿಡಿದು ನಿಂತಿದ್ದರು. ಮರಿಮೀನು ಉಳಿಯಲೆಂದು, ಸುಲಿಯದ ಅಡಿಕೆ ತೂರುವಂಥ ಕಣ್ಣಿನ ಬಲೆಯನ್ನಷ್ಟೇ ಇಲ್ಲಿ ನೀರಿಗಿಳಿಸಬೇಕು. ಕಣ್ಣಿಗೆ ಅಡಿಕೆ ಒತ್ತಿ ಅಳೆಯುವ ಬಷೀರ್ ಸಾಹೇಬರು ಒಂಬತ್ತು ಬಲೆ ಒಪ್ಪಿದರು. ಹತ್ತನೆಯದು ಅವರದೇ ಹೊಸ ನೈಲಾನ್ ಬಲೆ. ಅವರ ಮನೆಗೆ ಹೊಸ ಅಳಿಯ ಬಂದಿದ್ದಾನೆ, ಮೀನು ಬೇಕೇ ಬೇಕು. ಆದರೆ ಅಡಿಕೆ ಕಣ್ಣಿನಲ್ಲೇ ಸಿಕ್ಕಿಕೊಂಡಿತು.

“ಇನ್ನೊಂದ್ಸಲ ಒತ್ತಿ ಸಾಬ್ರೇ, ನಾವ್ಯಾರೂ ನೋಡಾಕಿಲ್ಲ!” ಎಂದು ಬೆಸ್ತರ ರಂಗಣ್ಣ ನಕ್ಕ.

“ನಾನ್ ನೋಡ್ಬಿಟ್ನಲ್ಲೋ ರಂಗ,” ಎಂದು ಅವರು ಬಲೆ ಮಡಚಿ ಕುಳಿತರು.

ಬಲೆ ತಿರಸ್ಕೃತವಾದವರಿಗೆ ಉಳಿದವರೆಲ್ಲ ಒಂದೊಂದು ಮೀನು ಕೊಡಬೇಕೆಂಬುದೂ ಊರ ಕಟ್ಟುಪಾಡಂತೆ. ಹತ್ತು ಗಂಟೆಗೆ ಎಣಿಸಿದೆ: ಸಾಹೇಬರ ಬುಟ್ಟಿಯಲ್ಲಿ ಒಂಬತ್ತು, ರಂಗಣ್ಣನದರಲ್ಲಿ ನಾಲ್ಕು. ಈ ಅಡಿಕೆಯ ಅಳತೆ ಬೇರೆ ಕೆರೆಗಳಲ್ಲೂ ಇದೆಯೇ? ಬಲ್ಲ ಓದುಗರು ಪತ್ರಿಕೆಗೆ ಒಂದು ಕಾರ್ಡು ಬರೆದು ತಿಳಿಸಿ.