ಭಾನುವಾರ ಬರುತ್ತಿದ್ದ ಫೋನು

ನನ್ನ ಅಜ್ಜಿ ವರ್ಡಿ ಫ್ರೇಲಿ ಸುಳ್ಳು ಹೇಳುತ್ತಿರಲಿಲ್ಲ. ಹೊಗಳಿಕೆಗೆ ಈ ಮಾತು ಹೇಳುತ್ತಿಲ್ಲ. ಅವಳ ಜೊತೆ ಬದುಕಿದವರಿಗೆ ಅದೊಂದು ಕಷ್ಟವೇ ಆಗಿತ್ತು. ಪಾದ್ರಿಯವರ ಹೆಂಡತಿ ಚರ್ಚಿನ ಊಟದಲ್ಲಿ, "ನನ್ನ ಕೇಕು ಹೇಗಾಗಿದೆ ವರ್ಡಿ?" ಎಂದು ಕೇಳಿದರೆ, "ಒಣಗೋಗಿದೆ ಕಣೆ, ಕಾಫಿ ಜೊತೆ ಇಳಿಯುತ್ತೆ" ಎನ್ನುತ್ತಿದ್ದಳು.

ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ, ಕಲ್ಲಿದ್ದಲ ಗಣಿ ಮುಚ್ಚಿಹೋದ ಒಂದು ಕಣಿವೆಯ ತುದಿಯಲ್ಲಿ ನಮ್ಮ ಮನೆ. ಅಜ್ಜಿ ಪಟ್ಟಣದ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ತಾಯಿ ಟ್ಯಾಮಿ ಬೆನ್ನುನೋವಿಗೆಂದು ಡಾಕ್ಟರು ಕೊಟ್ಟ ಮಾತ್ರೆಗಳನ್ನು ಬಿಡಲಾರದೆ ಹಾಳಾದಳು. ನಾನು ಆರನೇ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಯಾರದೋ ಕಾರು ಹತ್ತಿ ಹೋದವಳು ತಿರುಗಿ ಬರಲಿಲ್ಲ. ನಮ್ಮ ಕಡೆ ಇಂಥ ಮಕ್ಕಳನ್ನು ಅಜ್ಜಿಯರು ಸುಮ್ಮನೆ ಇಟ್ಟುಕೊಂಡುಬಿಡುತ್ತಾರೆ. ಕೋರ್ಟಿಗೆ ಹೋಗಿ ದತ್ತಿನ ಕಾಗದ ಮಾಡಿಸಿಕೋ ಎಂದು ನೆರೆಯವರು ಹೇಳಿದಾಗ ಅಜ್ಜಿ ಒಪ್ಪಲಿಲ್ಲ.

"ಅಲ್ಲಿಗೆ ಹೋದ್ರೆ ನನ್ನ ಮಗಳು ಇಲ್ಲ ಅಂತ ನಾನೇ ಬರ್ಕೊಟ್ಟ ಹಾಗೆ" ಎಂದಳು.

ಹಾಗೆನ್ನಲು ಅವಳಿಗೊಂದು ಕಾರಣವಿತ್ತು. ನಮ್ಮ ಕಣಿವೆಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ನಂಬರು ತೋರಿಸದ ಹಳೆಯ ಫೋನೊಂದಿತ್ತು. ಕೆಲವು ಭಾನುವಾರ ಊಟದ ಹೊತ್ತಿಗೆ ಅದು ರಿಂಗಾಗುತ್ತಿತ್ತು. ಎತ್ತಿದರೆ ಮಾತಿಲ್ಲ, ಉಸಿರಾಡುವ ಸದ್ದು ಮಾತ್ರ. ಅಜ್ಜಿ ಒಂದು ಕೈಯಲ್ಲಿ ಸೌಟು ಹಿಡಿದು ನಿಂತು ಆ ಉಸಿರಿಗೆ ವರದಿ ಒಪ್ಪಿಸುತ್ತಿದ್ದಳು. "ಇವತ್ತು ಬೀನ್ಸ್ ಬೇಯ್ಸಿದೀನಿ. ಮೆಕ್ಕೆಜೋಳದ ಬ್ರೆಡ್ ತಳ ಸೀದೋಯ್ತು. ಮಗು ಚೆನ್ನಾಗಿದಾಳೆ, ಲೆಕ್ಕದಲ್ಲಿ ಜಾಣೆ." ಆಮೇಲೆ ಲೈನು ತಾನಾಗಿಯೇ ಕಡಿಯುತ್ತಿತ್ತು. ಆ ಸಂಜೆಗಳಲ್ಲಿ ಮನೆಯೊಳಗೆ ಇನ್ನೊಬ್ಬರು ಕೂತಿದ್ದಾರೆ ಅನ್ನಿಸುತ್ತಿತ್ತು. ಪಾತ್ರೆ ತೊಳೆಯುವಾಗ ಫೋನಿಗೆ ಬೆನ್ನು ಹಾಕಿ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ.

ಶಾಲೆಯ ಕೊನೆಯ ವರ್ಷ ಹತ್ತಿರದ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಕೇಂದ್ರ ಸರ್ಕಾರದ ನೆರವು ಸಿಗದಿದ್ದರೆ ಸೇರುವ ಮಾತೇ ಇರಲಿಲ್ಲ. ಅದರ ಅರ್ಜಿಯಲ್ಲಿ ಹೆತ್ತವರ ಆದಾಯ ಕೇಳಿದ್ದರು. ನಾನು ಅಜ್ಜಿಯ ಹೆಸರು, ಅಜ್ಜಿಯ ಸಂಬಳ ತುಂಬಿದೆ. ಕಾಲೇಜಿನವರು ತಡೆದರು. ದತ್ತು ತೆಗೆದುಕೊಳ್ಳದ ಅಜ್ಜಿ, ಎಷ್ಟು ವರ್ಷ ಅನ್ನ ಹಾಕಿದ್ದರೂ, ಅರ್ಜಿಯ ಮಟ್ಟಿಗೆ ಹೆತ್ತವಳಲ್ಲ. ಇಬ್ಬರೂ ಬಂದು ಮಾತಾಡಿ ಎಂದು ನೆರವಿನ ಕಚೇರಿಯಿಂದ ಕರೆ ಬಂತು.

ಅಜ್ಜಿ ಚರ್ಚಿಗೆ ಹೋಗುವ ಉಡುಪು ತೊಟ್ಟು ಬಂದಳು. ಮೇಜಿನಾಚೆ ಕೂತಿದ್ದ ಹುಡುಗನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ ಮಗನಪ್ಪಾ ನೀನು?"

"ಗುಡ್ಡದಾಚೆ ಸ್ಟ್ಯಾಂಪರ್ ಮನೆಯವನು ಅಜ್ಜಿ. ಗ್ರೇಡಿ ಅಂತ."

"ಲೂಥರನ ಮೊಮ್ಮಗನಾ? ನಿಮ್ಮಜ್ಜ ನನ್ನ ಏಣಿ ತಗೊಂಡೋಗಿ ವಾಪಸ್ ಕೊಟ್ಟಿಲ್ಲ."

"ಅಜ್ಜ ತೀರ್ಕೊಂಡ್ರು, ಅಜ್ಜಿ."

"ಏಣಿ ತೀರ್ಕೊಂಡಿಲ್ವಲ್ಲ."

ಗ್ರೇಡಿ ನಕ್ಕು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ನಿಧಾನವಾಗಿ ಹೇಳಿದ. "ನೋಡಿ, ಅನುದಾನ ಅಂತ ಒಂದಿದೆ, ಅದನ್ನ ತೀರಿಸೋದು ಬೇಡ. ಮಿಕ್ಕಿದ್ದು ಸಾಲ. ಅದ್ರಲ್ಲಿ ಒಂದಕ್ಕೆ ಓದು ಮುಗಿಯೋವರೆಗೂ ಬಡ್ಡಿ ಸರ್ಕಾರನೇ ಹೊರುತ್ತೆ. ಇನ್ನೊಂದಕ್ಕೆ ತಗೊಂಡ ದಿನದಿಂದಲೇ ಬಡ್ಡಿ ಬೆಳೆಯುತ್ತೆ. ತಾಯಿ ವಿವರ ಇಲ್ಲದೆ ನಿಮ್ಮ ಮೊಮ್ಮಗಳು ಲೇಸಿಗೆ ಸಿಗೋದು ಆ ಕೊನೇದು ಮಾತ್ರ. ಅದೂ ಸ್ವಲ್ಪ."

"ಗಣಿ ಕಂಪನಿ ಅಂಗಡೀಲಿ ಮಾಡಿದ ಸಾಲದಲ್ಲೇ ನಮ್ಮಪ್ಪ ಸತ್ತ" ಎಂದಳು ಅಜ್ಜಿ. "ಬೆಳೆಯೋ ಸಾಲ ಈ ಮಗುಗೆ ಬೇಡ. ಬೇರೆ ದಾರಿ ಹೇಳು."

"ಇದೆ. ತಾಯಿ ಎಲ್ಲಿದಾರೋ ಗೊತ್ತಿಲ್ಲ, ಅವರನ್ನ ಹಿಡಿಯೋಕೆ ಆಗ್ತಿಲ್ಲ ಅಂತಾದ್ರೆ, ಅವರ ಆದಾಯ ಬಿಟ್ಟು ಲೇಸಿದು ಮಾತ್ರ ನೋಡ್ತೀವಿ. ಪಾದ್ರಿಯವರು, ಮೇಷ್ಟ್ರು ಬರೆದುಕೊಟ್ಟಿದಾರೆ. ನಿಮ್ಮ ಬಾಯಿಂದ ಕೇಳ್ಬೇಕು, ಅಷ್ಟೇ. ಮಗಳು ನಿಮ್ಮ ಹತ್ರ ಮಾತಾಡ್ತಾರಾ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಾನು ಅಜ್ಜಿಯ ಕೈಗಳನ್ನೇ ನೋಡುತ್ತಿದ್ದೆ. ಸೋಪಿಗೆ ಬಿರಿದ ಬೆರಳುಗಳು ಕೈಚೀಲದ ಕೊಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದವು.

"ಭಾನುವಾರ ಫೋನು ಬರುತ್ತೆ" ಎಂದಳು.

ಗ್ರೇಡಿಯ ಪೆನ್ನು ನಿಂತಿತು. ನನ್ನ ಕಾಲೇಜು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

"ಏನಂತಾರೆ?"

"ಮಾತಾಡಲ್ಲ. ಉಸಿರು ಕೇಳುತ್ತೆ."

ಅವನು ತಗ್ಗಿದ ದನಿಯಲ್ಲಿ ಕೇಳಿದ. "ಅದು ಟ್ಯಾಮಿನೇನಾ, ಅಜ್ಜಿ?"

ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು. ಅವಳು ಉತ್ತರಕ್ಕೆ ತಡಕಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಅವಳೇ ಅಂದ್ಕೊಂಡಿದ್ದೆ" ಎಂದಳು ಕೊನೆಗೆ. "ನೀನು ಹೀಗೆ ಎದುರಿಗೆ ಕೂತು ಕೇಳಿದ್ರೆ... ಗೊತ್ತಿಲ್ಲಪ್ಪ. ನಂಗೆ ಗೊತ್ತಿಲ್ಲ."

ಗ್ರೇಡಿ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡ. "ಯಾರು ಅಂತಲೇ ಗೊತ್ತಿಲ್ಲ ಅಂದ್ರೆ, ತಾಯಿನ ಹಿಡಿಯೋಕೆ ಆಗ್ತಿಲ್ಲ ಅಂತಲೇ ಲೆಕ್ಕ" ಎಂದ.

ನಮ್ಮ ಹಳೆಯ ಪಿಕಪ್ ಟ್ರಕ್ಕಿನಲ್ಲಿ ಮನೆಗೆ ಹೊರಟೆವು. ನಮ್ಮ ಕಣಿವೆಯ ತಿರುವಿನಲ್ಲಿ ಅಜ್ಜಿ, ನನಗೆ ಹೇಳುವಂತೆಯೂ ಅಲ್ಲದೆ, ಕೇಳಿದಳು. "ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಗೆ ಅಡುಗೆ ಹೇಳ್ತಿದ್ದೆ?"

ಕೆಲವು ವಾರಗಳಲ್ಲಿ ಅನುದಾನ ಮಂಜೂರಾಯಿತು. ಉಳಿದದ್ದಕ್ಕೆ ಓದುವಾಗ ಬಡ್ಡಿ ಬೆಳೆಯದ ಸಾಲ. ಮಂಜೂರಾದ ವಾರದ ಭಾನುವಾರ ಬೀನ್ಸ್ ಬಡಿಸುವಾಗ ಫೋನು ರಿಂಗಾಯಿತು. ಅಜ್ಜಿ ಎದ್ದು ಹತ್ತಿರ ಹೋದವಳು ಕೈ ಚಾಚದೆ ನಿಂತಳು.

"ನೀನೇ ತಗೋ."

ತೆಗೆದುಕೊಂಡೆ. ಮೊದಲ ಸಲ ಆ ಉಸಿರು ನನ್ನ ಕಿವಿಯಲ್ಲಿತ್ತು. ತೀರ ಹತ್ತಿರ, ಪಕ್ಕದಲ್ಲಿ ಮಲಗಿದವರ ಉಸಿರಿನಂತೆ. "ನಾನು ಲೇಸಿ. ಕಾಲೇಜಿಗೆ ಸೇರ್ತಿದೀನಿ" ಎಂದೆ. ಉಸಿರು ನಿಂತಿತು. ಮತ್ತೆ ಶುರುವಾಗುತ್ತದೆ ಎಂದು ಕಾದೆ. ಲೈನು ಕಡಿಯಿತು.

"ಅವಳೇನಾ?" ಎಂದಳು ಅಜ್ಜಿ.

ಹೌದು ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು. ಆದರೆ ನಾನು ಅವಳು ಸಾಕಿದ ಹುಡುಗಿ.

"ಗೊತ್ತಿಲ್ಲ ಅಜ್ಜಿ."

ಅವಳು ತಲೆಯಾಡಿಸಿ, ಒಲೆಯ ಮೇಲೆ ಸೀಯುತ್ತಿದ್ದುದನ್ನು ಇಳಿಸಲು ಹೋದಳು. ಆಮೇಲೆ ಯಾವ ಭಾನುವಾರವೂ ಆ ಫೋನು ಬರಲಿಲ್ಲ. ಅಜ್ಜಿ ನನ್ನನ್ನು ಒಂದು ದಿನವೂ ದೂರಲಿಲ್ಲ. ಊಟದ ಹೊತ್ತಿಗೆ ಮಾತ್ರ, ಬದುಕಿರುವವರೆಗೂ, ಸೌಟು ಹಿಡಿದು ಗೋಡೆಯ ಪಕ್ಕ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದಳು.

ಅವಳು ಹೋದ ಮೇಲೆ ಮನೆ ಮಾರಿದೆ, ಆ ಫೋನಿನ ನಂಬರು ಮಾತ್ರ ಉಳಿಸಿಕೊಂಡೆ. ತಿಂಗಳು ತಿಂಗಳು ಓದಿನ ಸಾಲದ ಕಂತಿನ ಜೊತೆ ಅದರ ಬಿಲ್ಲನ್ನೂ ಕಟ್ಟುತ್ತೇನೆ. ಸಾಲವಾದರೂ ಯಾವಾಗ ತೀರುತ್ತದೆಂದು ನನಗೆ ಗೊತ್ತು.