ಬೂದಿಕೋಟೆಯ ಹಾಲು, ಮಗಳ ಟೇಬಲ್ಲು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಭಾರ್ಗವಿ ಬಂಗಾರಪೇಟೆಯ ಡೈರಿಯಲ್ಲಿ ಮೊಸರಿನ ಪ್ಯಾಕೆಟ್ಟೊಂದನ್ನು ಅಲ್ಲಾಡಿಸಿ ನೋಡುತ್ತಿದ್ದಳು. ಹಾಲಿನಂತೆ ಕುಲುಕಿತು. ಒಂದು ಕ್ರೇಟಿನಲ್ಲೂ ಹೆಪ್ಪು ಹಿಡಿದಿರಲಿಲ್ಲ.

ಬೂದಿಕೋಟೆಯ ಹಾಲಿನಲ್ಲಿ, ಹೆಪ್ಪು ಹಿಡಿಯಗೊಡದ ಔಷಧದ ಅಂಶ ಸಿಕ್ಕಿತ್ತು. ಅಲ್ಲಿನ ಪೆದ್ದಮ್ಮನ ಹಸುವಿಗೆ ಮೊನ್ನೆ ಕೆಚ್ಚಲು ಬಾವು ಬಂದು, ಡೈರಿಯ ದನದ ಡಾಕ್ಟರು ಸೂಜಿ ಹಾಕಿದ್ದರು. ಡೈರಿಯ ಮ್ಯಾನೇಜರ್ ವೆಂಕಟೇಶಪ್ಪ ಆ ಊರಿನ ಹಾಲಿನ ಕೇಂದ್ರಕ್ಕೆ ಫೋನ್ ಮಾಡಿ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಸ್ಪೀಕರ್ ಹಾಕಿಸಿದ.

“ಸೂಜಿ ಮುಚ್ಚಿಟ್ಟು ಹಾಲು ಹಾಕವ್ಳೆ ಕಳ್ಳಿ. ಇನ್ಮೇಲೆ ಅವಳ ಹಾಲು ಬ್ಯಾಡ.”

ಪೆದ್ದಮ್ಮನ ಮನೆ ನಡೆಯುತ್ತಿದ್ದುದೇ ಆ ಒಂದು ಹಸುವಿನಿಂದ.

ಭಾರ್ಗವಿ ಡೈರಿಯ ಡೇಟಾಬೇಸ್ ನೋಡಿಕೊಳ್ಳುವವಳು. ಬಿ.ಎಸ್ಸಿ. ಓದಿದವಳು, ರಾಬರ್ಟ್‌ಸನ್‌ಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕೋಪ ಏರಿದಷ್ಟೂ ಅವಳ ದನಿ ತಗ್ಗುತ್ತಿತ್ತು. ಆ ದಿನ ಅದನ್ನು ಕೇಳಲು ವೆಂಕಟೇಶಪ್ಪ ಬಗ್ಗಬೇಕಾಯಿತು.

“ಮುಚ್ಚಿಟ್ಟಿಲ್ಲ ಸಾರ್. ನಮ್ಮ ಡಾಕ್ಟ್ರೇ ಎಂಟ್ರಿ ಮಾಡವ್ರೆ, ನೋಡಿ. ಎಷ್ಟು ದಿನ ಹಾಲು ಹಾಕ್ಬಾರ್ದು ಅನ್ನೋ ಕಡೆ ಸೊನ್ನೆ ಐತೆ. ಹಾಕು ಅಂದಿದ್ದು ನಮ್ಮ ಕಂಪ್ಯೂಟ್ರೇ.”

ಸೊನ್ನೆ ಎಲ್ಲಿಂದ ಬಂತೆಂದೂ ಹುಡುಕಿದಳು. ಡೇಟಾಬೇಸಿನಲ್ಲಿ ಎಲ್ಲ ಚಿಕಿತ್ಸೆಗಳಿಗೂ ಒಂದು ತಾಯಿ ಟೇಬಲ್, ಅಂದರೆ ಮಾಹಿತಿಯ ಪಟ್ಟಿ. ಕೆಚ್ಚಲು ಬಾವಿನದು ಅದರ ಮಗಳು. ತಾಯಿಯ ಕಾಲಂಗಳು ಮಗಳಿಗೆ ತಾವಾಗಿ ಬರುತ್ತವೆ. ಡಾಕ್ಟರು ದಿನಗಳ ಸಂಖ್ಯೆ ಬರೆಯದಿದ್ದರೆ ತಾಯಿಯಲ್ಲಿ ಸೊನ್ನೆ ಬೀಳುತ್ತಿತ್ತು; ಮಗಳಲ್ಲಿ ಮಾತ್ರ ಭಾರ್ಗವಿ ಅದನ್ನು ನಾಲ್ಕಕ್ಕೆ ಬದಲಿಸಿದ್ದಳು. ಹೋದ ವಾರ ಸರ್ವರ್ ಕೆಟ್ಟು, ಎಲ್ಲವನ್ನೂ ಬ್ಯಾಕಪ್ಪಿನಿಂದ ಮರಳಿ ತುಂಬಿದ್ದರು. ಕಾಲಂ ತಾಯಿಯದು ತಾನೇ ಎಂದು ಬ್ಯಾಕಪ್ ಸಾಫ್ಟ್‌ವೇರು ಮಗಳ ಬದಲಾವಣೆಯನ್ನು ಉಳಿಸಿಕೊಂಡೇ ಇರಲಿಲ್ಲ. ಆಮೇಲೆ ಬಂದ ಮೊದಲ ಕೆಚ್ಚಲು ಬಾವು ಪೆದ್ದಮ್ಮನ ಹಸುವಿನದು.

ಆ ಬ್ಯಾಕಪ್ ಸಾಫ್ಟ್‌ವೇರ್ ಮಾರಿದ ಶಶಿಧರ್‌ಗೆ ಫೋನ್ ಮಾಡಿದಳು.

“ಮೇಡಂ, ಮರಳಿ ತುಂಬಿದಾಗ ರಿಸ್ಟೋರ್ ಸಕ್ಸಸ್ ಅಂತ ಸ್ಕ್ರೀನ್ ಮೇಲೆ ಬಂತಲ್ಲ?”

“ಅದನ್ನ ಹೆಪ್ಪಿಗೆ ಹೇಳಿ ಸ್ವಾಮಿ. ಮೊಸರಾಗ್ತದಾ ನೋಡಾಣ.”

ಸೊನ್ನೆ ಮತ್ತೆ ನಾಲ್ಕಾಯಿತು.

“ಸರಿ ಬಿಡಮ್ಮ, ಆ ನಾಲ್ಕು ದಿನ ಕಳೆದ್ಮೇಲೆ ಆಯಮ್ಮನ ಹಾಲು ಸುಮ್ನೆ ತಗೊಂಡ್ಬಿಡಾಣ,” ಎಂದ ವೆಂಕಟೇಶಪ್ಪ.

“ಕಳ್ಳಿ ಅಂದಿದ್ದು ಸುಮ್ನೇನಾ ಸಾರ್? ಎಲ್ಲರ ಮುಂದೆ ಅಂದ್ರಿ. ಎಲ್ಲರ ಮುಂದೆ ತಪ್ಪು ನಮ್ದು ಅನ್ನಿ. ಇಲ್ಲಾಂದ್ರೆ ನಾನೇ ಓಗಿ ಅಂತೀನಿ.”

ಸಂಜೆ ಇಬ್ಬರೂ ಬೂದಿಕೋಟೆಗೆ ಹೋದರು. ಕ್ಯಾನು ಹಿಡಿದು ನಿಂತವರೆದುರು ವೆಂಕಟೇಶಪ್ಪ ನೆಲ ನೋಡುತ್ತ, “ತಪ್ಪಾಯ್ತಮ್ಮ,” ಎಂದ.

“ಬೆಳಿಗ್ಗೆ ಕಳ್ಳಿ, ಸಂಜೆ ಅಮ್ಮ!” ಎಂದಳು ಪೆದ್ದಮ್ಮ. “ನಿಮ್ಗಿಂತ ನನ್ನ ಅಸು ವಾಸಿ ಕಣಪ್ಪ. ಒದಿಯಾಕೆ ಮುಂಚೆ ಬಾಲನಾದ್ರೂ ಆಡಿಸ್ತದೆ.”

ಸಾಲಿನಲ್ಲಿದ್ದವರು ನಕ್ಕರು. ಭಾರ್ಗವಿಗೆ ನಗು ಬರಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ವೆಂಕಟೇಶಪ್ಪ, “ಇದನ್ನ ಮೊದ್ಲೇ ನೋಡ್ಕೋಬಾರ್ದಿತ್ತಾ?” ಎಂದ. ಆ ಬ್ಯಾಕಪ್ ಸಾಫ್ಟ್‌ವೇರ್ ಕೊಂಡ ದಿನ, ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ತುಂಬಿ ಹೋಲಿಸಿ ನೋಡಲು ಭಾರ್ಗವಿ ಸಮಯ ಕೇಳಿದ್ದಳು. ಅಷ್ಟೊಂದು ಪುರುಸೊತ್ತು ಯಾರಿಗಿದೆ ಎಂದು ತಳ್ಳಿಹಾಕಿದವನು ಇದೇ ಮನುಷ್ಯ. ಅವಳು ಕೇಳಿದ್ದಾದರೂ ಎಷ್ಟು? ಆಫೀಸಿನವರೆಲ್ಲರ ಎದುರು, ಗಟ್ಟಿಯಾಗಿ ಹೇಳಿದ್ದಳು: “ಎರಡೇ ಎರಡು ಗಂಟೆ ಸಾಕು.”